ಗರಸು ದಾರಿಯಲ್ಲಿ ಎರಡು ಸೈಕಲ್



ನಮ್ಮ ಕನ್ನಡ ಶಾಲೆಯಲ್ಲಿ ಒಂದು ಶನಿವಾರ ‘ನಮ್ಮ ಊರಿನ ನದಿ’ ಅನ್ನುವ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗ ಕೈ ಎತ್ತಿ ಕೇಳಿದ: “ಅಂಕಲ್, ನಮ್ಮ ಊರಿನ ನದಿ ಅಂದ್ರೆ ಕಾವೇರಿನಾ, ಈಸಾರಾ?” ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಾನು ಹುಟ್ಟಿ ಬೆಳೆದದ್ದು ಹೊಳೆನರಸೀಪುರದಲ್ಲಿ, ಹೇಮಾವತಿ ದಂಡೆಯಲ್ಲಿ. ಆದರೆ ಆ ಹುಡುಗ ಈಜು ಕಲಿತದ್ದು, ಕಲ್ಲೆಸೆದದ್ದು, ಸೈಕಲ್ ಹೊಡೆದದ್ದು ಎಲ್ಲ ಮ್ಯೂನಿಕ್‌ನ ಈಸಾರ್ ಪಕ್ಕದಲ್ಲಿ. “ಎರಡೂ ನಿಮ್ಮದೇ ಕಣೋ” ಅಂದೆ. ಹೇಳೋದು ಸುಲಭ, ಆದರೆ ಈಸಾರ್ ಬಗ್ಗೆ ಕನ್ನಡದಲ್ಲಿ ನಾವು ಎಷ್ಟು ಮಾತಾಡಿದ್ದೇವೆ? ಆ ಯೋಚನೆಯಿಂದ ಈ ಪಾಠ ಬರೆದಿದ್ದೇನೆ. ಇದರಲ್ಲಿ ಸ್ವಲ್ಪ ಭೂಗೋಳ ಇದೆ, ಸ್ವಲ್ಪ ಗಣಿತ ಇದೆ, ನಾನು ಮಾಡಿದ ಒಂದು ದೊಡ್ಡ ತಪ್ಪೂ ಇದೆ.

ನದಿಯ ಪರಿಚಯ

ಈಸಾರ್ ಹುಟ್ಟುವುದು ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಕಾರ್‌ವೆಂಡೆಲ್ ಬೆಟ್ಟಗಳಲ್ಲಿ. ಸುಮಾರು 295 ಕಿಲೋಮೀಟರ್ ಹರಿದು ಡೆಗ್ಗೆನ್‌ಡಾರ್ಫ್ ಹತ್ತಿರ ಡಾನ್ಯೂಬ್ ನದಿಗೆ ಸೇರುತ್ತದೆ. ನಮ್ಮ ಹೇಮಾವತಿ ಸುಮಾರು 245 ಕಿಲೋಮೀಟರ್ ಹರಿದು ಕಾವೇರಿಗೆ ಸೇರುತ್ತಾಳೆ. ಉದ್ದದಲ್ಲಿ ಇಬ್ಬರೂ ಹೆಚ್ಚುಕಮ್ಮಿ ಅಕ್ಕತಂಗಿಯರೇ.

ಆದರೆ ಸ್ವಭಾವ ಬೇರೆ. ಈಸಾರ್ ಆಲ್ಪ್ಸ್‌ನಿಂದ ಇಳಿಯುವಾಗ ಬರೀ ನೀರು ತರುವುದಿಲ್ಲ, ಕಲ್ಲನ್ನೂ ತರುತ್ತದೆ. ಬೆಟ್ಟದಲ್ಲಿ ಒಡೆದು ಬಿದ್ದ ಸುಣ್ಣಕಲ್ಲಿನ ಚೂರುಗಳು ನೀರಿನಲ್ಲಿ ಉರುಳಿ, ಒಂದಕ್ಕೊಂದು ಉಜ್ಜಿ, ಮೂಲೆಗಳೆಲ್ಲ ಸವೆದು ನುಣುಪಾದ ಗುಂಡುಕಲ್ಲುಗಳಾಗುತ್ತವೆ. ಮ್ಯೂನಿಕ್ ನಗರ ಕೂತಿರುವುದೇ ಇಂಥ ಕಲ್ಲಿನ ಹಾಸಿನ ಮೇಲೆ. ಹಿಮಯುಗಗಳಲ್ಲಿ ಕರಗಿದ ನೀರು ತಂದು ಹರಡಿದ ಕಲ್ಲು ಅದು. ನೀವು ಆಟದ ಮೈದಾನದಲ್ಲಿ ಒಂದು ಗುಂಡಿ ತೋಡಿದರೂ ಸಾಕು, ಅದೇ ಬೂದುಬಿಳಿ ಕಲ್ಲು ಸಿಗುತ್ತದೆ.

ಒಂದು ಕಾಲದಲ್ಲಿ ಈ ನದಿಯನ್ನು ನಗರದೊಳಗೆ ಕಾಲುವೆಯ ಹಾಗೆ ನೇರ ಮಾಡಿ, ಎರಡೂ ಕಡೆ ಗಟ್ಟಿ ದಂಡೆ ಕಟ್ಟಿದ್ದರು. 2000ದಿಂದ 2011ರವರೆಗೆ ನಡೆದ ‘ಈಸಾರ್ ಪ್ಲಾನ್’ ಎಂಬ ಕೆಲಸದಲ್ಲಿ ಗ್ರೋಸ್‌ಹೆಸ್ಸೆಲೋಹೆಯಿಂದ ಡಾಯ್ಚಸ್ ಮ್ಯೂಸಿಯಂವರೆಗಿನ 8 ಕಿಲೋಮೀಟರ್ ಉದ್ದಕ್ಕೆ ಕಾಂಕ್ರೀಟ್ ತೆಗೆದು, ದಂಡೆಯನ್ನು ಇಳಿಜಾರು ಮಾಡಿ, ಹೊಳೆಗೆ ಹರಡಿಕೊಳ್ಳಲು ಜಾಗ ಬಿಟ್ಟರು. ಇದರಿಂದ ಪ್ರವಾಹದ ಅಪಾಯ ಕಡಿಮೆಯಾಯಿತು, ಮೀನುಗಳಿಗೂ ದಾರಿಯಾಯಿತು. ಬೇಸಿಗೆಯಲ್ಲಿ ನೀವೆಲ್ಲ ಕಾಲು ಇಳಿಬಿಟ್ಟು ಕೂರುವ ಆ ಕಲ್ಲುದಂಡೆಗಳು ಹೀಗೆ ವಾಪಸ್ ಬಂದವು. ಪ್ರತಿ ದೊಡ್ಡ ನೀರಿನ ನಂತರ ಅವುಗಳ ಆಕಾರ ಬದಲಾಗಿರುತ್ತದೆ, ಗಮನಿಸಿ.

ನಾನೂ ನನ್ನ ಮಗಳೂ ಭಾನುವಾರ ಸೈಕಲ್ ಹೊಡೆಯುವುದು ಈ 8 ಕಿಲೋಮೀಟರ್‌ನಲ್ಲೇ. ಮ್ಯೂಸಿಯಂ ಹತ್ತಿರ ಹೊರಟು, ಫ್ಲೌಖರ್ ಮರದ ಸೇತುವೆ ದಾಟಿ, ಹೆಲ್ಲಾಬ್ರುನ್ ಮೃಗಾಲಯದ ಬೇಲಿ ಪಕ್ಕದಲ್ಲಿ ಸಾಗಿ, ಗ್ರೋಸ್‌ಹೆಸ್ಸೆಲೋಹೆಯ ಎತ್ತರದ ರೈಲು ಸೇತುವೆ ಕಾಣುವವರೆಗೆ. ಊರಿನ ನಡುವೆಯೇ ಇದ್ದೇವೆ, ಆದರೆ ಸುತ್ತ ಮರ, ನೀರು, ಕಲ್ಲು ಮಾತ್ರ.

ಗರಸು ಸೈಕಲ್ ಅಂದರೇನು?

ಈ ದಾರಿಯಲ್ಲಿ ಡಾಂಬರು ಕಡಿಮೆ. ಇಲ್ಲಿ ಓಡಿಸಲು ಹೇಳಿ ಮಾಡಿಸಿದ್ದು ‘ಗ್ರಾವೆಲ್ ಬೈಕ್’. ನೋಡಲು ರೇಸಿನ ಸೈಕಲ್ ಥರವೇ ಇರುತ್ತದೆ, ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿರುತ್ತದೆ. ವ್ಯತ್ಯಾಸ ಇರುವುದು ಮುಖ್ಯವಾಗಿ ಟೈರಿನಲ್ಲಿ. ರೇಸಿನ ಸೈಕಲ್ಲಿನ ಟೈರ್ ಸುಮಾರು 25ರಿಂದ 30 ಮಿಲಿಮೀಟರ್ ಅಗಲ, ಇದರದ್ದು 35ರಿಂದ 50 ಮಿಲಿಮೀಟರ್. ಟೈರ್ ಮೇಲೆ ಸಣ್ಣ ಸಣ್ಣ ಗುಬ್ಬಿಗಳಿರುತ್ತವೆ. ದುಬಾರಿ ಸೈಕಲ್ಲೇ ಬೇಕು ಅಂತ ಏನಿಲ್ಲ. ಪುಟ್ಟಿಯದ್ದು ಯಾರೋ ಓಡಿಸಿ ಬಿಟ್ಟ 24 ಇಂಚಿನ ಹಳೇ ಸೈಕಲ್, ಅಗಲದ ಟೈರ್ ಹಾಕಿಸಿದ್ದೇವೆ ಅಷ್ಟೇ.

“ಅಪ್ಪಾ, ಗ್ರಾವೆಲ್‌ಗೆ ಕನ್ನಡದಲ್ಲಿ ಏನು?” ಅಂತ ಅವಳು ಒಂದು ದಿನ ಕೇಳಿದಳು. ಜರ್ಮನ್‌ನಲ್ಲಿ ‘ಶೊಟ್ಟರ್’ ಅಂತ ಅವಳಿಗೆ ಗೊತ್ತು. ನಾನು “ಜಲ್ಲಿ” ಅಂದೆ. ನನಗೇ ಸಮಾಧಾನ ಆಗಲಿಲ್ಲ, ಊರಿಗೆ ಫೋನ್ ಮಾಡಿದೆ. ತಾತ ಆ ಕಡೆಯಿಂದ ನಕ್ಕು, “ಜಲ್ಲಿ ಅಂದ್ರೆ ಒಡೆದ ಕಲ್ಲು ಕಣಮ್ಮ, ಮನೆಗೆ ಮೋಲ್ಡ್ ಹಾಕ್ತಾರಲ್ಲ, ಅದು. ಮಣ್ಣು ಕಲ್ಲು ಬೆರೆತು ಕಾಲಿಗೆ ಗರಗರ ಅನ್ನುತ್ತಲ್ಲ, ಅದು ಗರಸು. ಹೊಳೇಲಿ ಸಿಗೋ ನುಣ್ಣಗಿರೋದು ಗುಂಡುಕಲ್ಲು” ಅಂದರು. ಒಂದು ಪದ ಕೇಳಿದರೆ ಮೂರು ಕೊಟ್ಟರು. ಈ ಮೂರು ಪದಗಳ ವ್ಯತ್ಯಾಸ ನನಗೆ ಆವತ್ತೇ ಸರಿಯಾಗಿ ತಲೆಗೆ ಹೋಗಿದ್ದರೆ ಮುಂದಿನ ಕಥೆ ನಡೆಯುತ್ತಿರಲಿಲ್ಲ.

ಪುಟ್ಟಿ ಬಿದ್ದ ದಿನ

ನಾನು ಸೈಕಲ್ ಕಲಿತದ್ದು ಗಂಟೆಗೆ ಒಂದು ರೂಪಾಯಿ ಬಾಡಿಗೆಯ ದೊಡ್ಡ ಸೈಕಲ್ಲಿನಲ್ಲಿ, ಒಳಪೆಡಲ್ ಹೊಡೆದು. ಪಂಕ್ಚರ್ ಅಂಗಡಿಯವರು ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಕಲ್ಲಿನ ಹಾಗಿದ್ದರೆ “ಹಾಂ, ಈಗ ಸರಿ” ಅನ್ನುತ್ತಿದ್ದರು. ಡಾಂಬರು ರಸ್ತೆಗೆ, ಹಿಂದೆ ಅಕ್ಕಿ ಮೂಟೆ ಹೇರುವ ಸೈಕಲ್ಲಿಗೆ ಅದು ಸರಿಯೇ. ಅದನ್ನೇ ನಾನು ಇಲ್ಲಿಗೂ ತಂದೆ. ಹೊರಡುವ ಮುಂಚೆ ಪುಟ್ಟಿಯ ಟೈರಿಗೆ ಪಂಪ್ ಹೊಡೆದು ಹೊಡೆದು 4 ಬಾರ್ ತುಂಬಿಸಿದೆ. “ಗಟ್ಟಿ ಇದ್ರೆ ಜೋರಾಗಿ ಹೋಗುತ್ತೆ ನೋಡು” ಅಂತ ಹೇಳಿದ್ದೂ ನಾನೇ.

ಫ್ಲೌಖರ್ ದಾಟಿದ ಮೇಲೆ ಒಂದು ತಿರುವು. ಹಿಂದಿನ ವಾರದ ಮಳೆನೀರು ದಾರಿಯ ಮೇಲೆ ಗುಂಡುಕಲ್ಲು ಹರಡಿತ್ತು. ನಾನು ಮುಂದಿನಿಂದ “ಬೇಗ ಬಾ, ಬೇಗ ಬಾ” ಅಂತ ಕೂಗುತ್ತಿದ್ದೆ. ಎದುರಿಗೆ ನಾಯಿ ಹಿಡಿದುಕೊಂಡು ಒಬ್ಬ ಅಜ್ಜಿ ಬಂದರು. ಪುಟ್ಟಿ ಗಾಬರಿಯಾಗಿ ಮುಂದಿನ ಬ್ರೇಕ್ ಹಿಡಿದಳು. ಚಕ್ರ ಪಕ್ಕಕ್ಕೆ ಜಾರಿತು.

ಮಂಡಿ ಕಿತ್ತುಹೋಗಿತ್ತು, ಅಂಗೈಯಲ್ಲಿ ಕಲ್ಲು ಚುಚ್ಚಿತ್ತು. ಹೆಲ್ಮೆಟ್ ಇದ್ದದ್ದರಿಂದ ತಲೆಗೆ ಏನೂ ಆಗಲಿಲ್ಲ. ಅಜ್ಜಿಯೇ ತಮ್ಮ ನೀರಿನ ಬಾಟಲಿ ತೆಗೆದು ಗಾಯ ತೊಳೆದರು. ಪುಟ್ಟಿ ಅಳುತ್ತಾ ನನ್ನ ಕಡೆ ನೋಡಿ, “ಗಟ್ಟಿ ಇದ್ರೆ ಒಳ್ಳೇದು ಅಂತ ನೀನೇ ಹೇಳಿದ್ದು” ಅಂದಳು. ಮನೆಯವರೆಗೆ ಸೈಕಲ್ ತಳ್ಳಿಕೊಂಡು ಬಂದೆವು. ಮೂರು ಭಾನುವಾರ ಅವಳು ಸೈಕಲ್ ಮುಟ್ಟಲಿಲ್ಲ. ನನಗೆ ಇನ್ನೊಂದು ನಷ್ಟವೂ ಆಯಿತು. ವಾರವೆಲ್ಲ ಶಾಲೆಯಲ್ಲಿ ಜರ್ಮನ್ ಆಡುವ ಮಗು ನನ್ನ ಜೊತೆ ಎರಡು ಗಂಟೆ ಬರೀ ಕನ್ನಡ ಆಡುತ್ತಿದ್ದದ್ದು ಆ ದಾರಿಯಲ್ಲಿ ಮಾತ್ರ.

ಟೈರಿನ ಗಣಿತ

ಆ ಮೂರು ವಾರ ನಾನು ಕೂತು ಲೆಕ್ಕ ಹಾಕಿದೆ. 5ನೇ ಕ್ಲಾಸಿನ ಗಣಿತ ಸಾಕು, ನೀವೂ ಜೊತೆಗೆ ಮಾಡಿ.

1 ಬಾರ್ ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು 1 ಕಿಲೋ ತೂಕ ಒತ್ತಿದಷ್ಟು ಒತ್ತಡ. ಪುಟ್ಟಿ 30 ಕಿಲೋ, ಸೈಕಲ್ 10 ಕಿಲೋ, ಒಟ್ಟು 40. ಇದರಲ್ಲಿ ಹಿಂದಿನ ಚಕ್ರದ ಮೇಲೆ ಸುಮಾರು 60 ಭಾಗ, ಅಂದರೆ 24 ಕಿಲೋ ಅಂತ ಇಟ್ಟುಕೊಳ್ಳೋಣ. ಟೈರಿನೊಳಗಿನ ಗಾಳಿ ಆ ತೂಕವನ್ನು ಹೊರಬೇಕು.

4 ಬಾರ್ ಇದ್ದರೆ: 24 ÷ 4 = 6 ಚದರ ಸೆಂಟಿಮೀಟರ್.
2 ಬಾರ್ ಇದ್ದರೆ: 24 ÷ 2 = 12 ಚದರ ಸೆಂಟಿಮೀಟರ್.

ಟೈರ್ ನೆಲವನ್ನು ಮುಟ್ಟುವ ಜಾಗ ಇಷ್ಟೇ! ರಬ್ಬರ್ ಕೂಡ ಸ್ವಲ್ಪ ತೂಕ ಹೊರುವುದರಿಂದ ಇದು ಅಂದಾಜು ಲೆಕ್ಕ. ಆದರೂ ವಿಷಯ ಗೊತ್ತಾಗುತ್ತದೆ. ಗಾಳಿ ಅರ್ಧ ಮಾಡಿದರೆ ನೆಲ ಹಿಡಿಯುವ ಜಾಗ ಎರಡು ಪಟ್ಟು. ಗಟ್ಟಿ ಟೈರ್ ಒಂದೆರಡು ಕಲ್ಲಿನ ತುದಿಯ ಮೇಲೆ ನಿಂತು ಪುಟಿಯುತ್ತದೆ. ಮೆತ್ತಗಿನ ಟೈರ್ ಹತ್ತಾರು ಕಲ್ಲನ್ನು ಒಟ್ಟಿಗೆ ಅಪ್ಪಿಕೊಳ್ಳುತ್ತದೆ. ಪುಟಿಯುವ ಪ್ರತಿ ಸಲವೂ ನಾವು ತುಳಿದ ಶಕ್ತಿ ಮುಂದಕ್ಕೆ ಹೋಗದೆ ಮೇಲಕ್ಕೆ ಹೋಗಿ ವ್ಯರ್ಥ. ಹಾಗಾಗಿ ಗರಸಿನ ಮೇಲೆ ಸ್ವಲ್ಪ ಮೆತ್ತಗಿನ ಟೈರೇ ಹೆಚ್ಚು ಸುರಕ್ಷಿತ, ಎಷ್ಟೋ ಸಲ ಹೆಚ್ಚು ವೇಗವೂ ಹೌದು.

ಹಾಗಂತ ಪೂರ್ತಿ ಗಾಳಿ ಬಿಡಬೇಡಿ. ತೀರಾ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ. ಎಷ್ಟರಿಂದ ಎಷ್ಟು ಬಾರ್ ಇರಬಹುದು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಓದಿ, ಆ ಮಿತಿಯೊಳಗೇ ಇರಿ.

ಗಾಳಿ ಟೈರಿನ ಕಥೆಯಲ್ಲೂ ಒಬ್ಬ ಅಪ್ಪ ಇದ್ದಾನೆ. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ ಕುಲುಕದೆ ಓಡಲಿ ಅಂತ ರಬ್ಬರ್ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದರು. 1888ರಲ್ಲಿ ಪೇಟೆಂಟ್ ಪಡೆದರು. ಅಂದರೆ ಡನ್‌ಲಪ್ ಗಾಳಿ ಟೈರ್ ಮಾಡಿದ್ದೇ ಮಗುವಿಗೆ ಮೆತ್ತಗಿರಲಿ ಅಂತ. ನಾನು ಅದರಲ್ಲಿ ಗಾಳಿ ತುಂಬಿ ತುಂಬಿ ಮತ್ತೆ ಕಲ್ಲು ಮಾಡಿದ್ದೆ!

ಉರುಳುವ ಕಲ್ಲು, ಕಚ್ಚುವ ಕಲ್ಲು

ಈಗ ತಾತ ಹೇಳಿದ ಮೂರು ಪದ ನೆನಪಿಸಿಕೊಳ್ಳಿ. ಪಾರ್ಕಿನ ದಾರಿ ಮಾಡುವಾಗ ಮೂಲೆಗಳಿರುವ ಒಡೆದ ಕಲ್ಲು, ಅಂದರೆ ಜಲ್ಲಿ ಹಾಕಿ, ಸಣ್ಣ ಚೂರು, ಪುಡಿ ಎಲ್ಲ ಬೆರೆಸಿ, ನೀರು ಹಾಯಿಸಿ ರೋಲರ್ ಓಡಿಸುತ್ತಾರೆ. ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ನೆಲ ಗಟ್ಟಿಯಾಗುತ್ತದೆ. ನದಿಯ ಗುಂಡುಕಲ್ಲಿಗೆ ಮೂಲೆಯೇ ಇಲ್ಲ, ಅದು ಗೋಲಿಯ ಹಾಗೆ ಉರುಳುತ್ತದೆ. ಪುಟ್ಟಿ ಬಿದ್ದದ್ದು ಗುಂಡುಕಲ್ಲಿನ ಮೇಲೆ.

ಹಾಗಾಗಿ ಮುಂದೆ ನುಣ್ಣನೆಯ ಕಲ್ಲು ಕಂಡರೆ ಹೀಗೆ ಮಾಡಿ. ಬ್ರೇಕ್ ಹಿಡಿಯುವುದು ತಿರುವಿಗೆ ಮುಂಚೆ, ತಿರುವಿನಲ್ಲಿ ಅಲ್ಲ. ಎರಡೂ ಬ್ರೇಕನ್ನು ಒಟ್ಟಿಗೆ, ನಿಧಾನವಾಗಿ ಒತ್ತಿ. ಹ್ಯಾಂಡಲನ್ನು ಬಿಗಿಯಾಗಿ ಹಿಸುಕಬೇಡಿ. ಕಣ್ಣು ಕಲ್ಲಿನ ಮೇಲಲ್ಲ, ಹೋಗಬೇಕಾದ ದಾರಿಯ ಮೇಲಿರಲಿ.

ಇನ್ನೊಂದು ಲೆಕ್ಕ: ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ 2 ಮೀಟರ್‌ನಲ್ಲಿ ನಿಲ್ಲುವ ಸೈಕಲ್ಲಿಗೆ 20 ಕಿಲೋಮೀಟರ್ ವೇಗದಲ್ಲಿ 8 ಮೀಟರ್ ಬೇಕು. ನಾನು “ಬೇಗ ಬಾ” ಅಂದಾಗ ಈ 8 ಮೀಟರ್ ನನ್ನ ತಲೆಯಲ್ಲಿರಲಿಲ್ಲ.

ದಾರಿ ಎಲ್ಲರದ್ದು

ದುಂಡನೆಯ ನೀಲಿ ಫಲಕದಲ್ಲಿ ನಡೆಯುವವರ ಚಿತ್ರ, ಗೆರೆ, ಕೆಳಗೆ ಸೈಕಲ್ ಚಿತ್ರ ಇದ್ದರೆ ಆ ದಾರಿ ಇಬ್ಬರದ್ದೂ. ಅಲ್ಲಿ ನಡೆಯುವವರಿಗೆ ತೊಂದರೆಯಾಗದ ಹಾಗೆ ನಿಧಾನವಾಗಿ ಹೋಗುವುದು ಸೈಕಲ್ಲಿನವರ ಕೆಲಸ. ಗಂಟೆಯನ್ನು ದೂರದಿಂದಲೇ ಒಂದು ಸಲ ಬಾರಿಸಿ, ಹತ್ತಿರ ಬಂದು ಬೆಚ್ಚಿಬೀಳಿಸಬೇಡಿ. ದಕ್ಷಿಣದ ಕಾಡಿನಲ್ಲಿ ಬೇಲಿ ಹಾಕಿದ, ಬೋರ್ಡ್ ಇಟ್ಟ ಕಡೆ ನುಗ್ಗಬೇಡಿ. ಕಲ್ಲುದಂಡೆಯ ಮೇಲೆ ಕಲ್ಲಿನ ಬಣ್ಣದ್ದೇ ಮೊಟ್ಟೆ ಇಡುವ ಪುಟ್ಟ ಹಕ್ಕಿಗಳಿವೆ. ನಮ್ಮ ಕಣ್ಣಿಗೆ ಅದು ಬರೀ ಕಲ್ಲು, ಅವಕ್ಕೆ ಮನೆ.

ಮತ್ತೆ ಹೋದೆವು

ನಾಲ್ಕನೇ ಭಾನುವಾರ ನಾನು ಪುಟ್ಟಿಗೆ ಲೆಕ್ಕದ ಹಾಳೆ ತೋರಿಸಿ, “ತಪ್ಪು ನಂದು” ಅಂದೆ. ಅವಳು 24 ÷ 4, 24 ÷ 2 ತಾನೇ ಮಾಡಿ ನೋಡಿದಳು. ಟೈರಿನ ಪಕ್ಕದ ಅಂಕಿ ತಾನೇ ಓದಿದಳು, 2 ಬಾರ್ ತಾನೇ ತುಂಬಿಸಿದಳು. “ಇವತ್ತು ನಾನು ಮುಂದೆ, ನೀನು ಹಿಂದೆ” ಅಂತ ಷರತ್ತು ಹಾಕಿದಳು.

ಅದೇ ತಿರುವು ಬಂತು. ಅವಳು ಮೊದಲೇ ನಿಧಾನ ಮಾಡಿ, ಹಿಂದೆ ತಿರುಗದೇ ಕೂಗಿದಳು: “ಅಪ್ಪಾ, ಗುಂಡುಕಲ್ಲು! ಬ್ರೇಕ್ ಈಗ್ಲೇ ಹಿಡಿ!” ನಾಲ್ಕು ವಾರದ ಹಿಂದೆ ನಾನು ಹೇಳಬೇಕಾಗಿದ್ದ ಮಾತು ಅದು. ಇಲ್ಲಿ 4ನೇ ಕ್ಲಾಸಿನಲ್ಲಿ ಶಾಲೆಯೂ ಪೊಲೀಸರೂ ಸೇರಿ ಮಕ್ಕಳಿಗೆ ಸೈಕಲ್ ಪರೀಕ್ಷೆ ನಡೆಸುತ್ತಾರಲ್ಲ, ಅದಕ್ಕೆ ಅವಳು ಈಗ ತಯಾರಾಗುತ್ತಿದ್ದಾಳೆ. ಮನೆಯಲ್ಲಿ ನನಗೂ ಪ್ರಶ್ನೆ ಕೇಳುತ್ತಾಳೆ. ಎಷ್ಟೋ ಸಲ ನಾನು ಫೇಲ್.

ಪದ ಪರಿಚಯ

ಮರಳು: ಹೊಳೆಯ ಸಣ್ಣ ಕಣ.
ಗರಸು: ಮಣ್ಣು, ಸಣ್ಣ ಕಲ್ಲು ಬೆರೆತದ್ದು.
ಜಲ್ಲಿ: ಒಡೆದ, ಮೂಲೆಯಿರುವ ಕಲ್ಲು.
ಗುಂಡುಕಲ್ಲು: ನೀರಿನಲ್ಲಿ ಸವೆದು ನುಣುಪಾದ ಕಲ್ಲು.
ದಂಡೆ: ಹೊಳೆಯ ಅಂಚು.
ಒತ್ತಡ: ಒಂದು ಜಾಗದ ಮೇಲೆ ಬೀಳುವ ಬಲದ ಅಳತೆ.

ಮಾಡಿ ನೋಡಿ

1. ಹಿಂದಿನ ಟೈರಿಗೆ ನೀರಿನ ಬಣ್ಣ ಹಚ್ಚಿ, ಅದರ ಕೆಳಗೆ ಚೌಕಳಿ ಹಾಳೆ ಇಟ್ಟು, ಅಪ್ಪ ಅಥವಾ ಅಮ್ಮ ಸೈಕಲ್ ಹಿಡಿದಿರುವಾಗ ಹತ್ತಿ ಕೂರಿ. ಗುರುತು ಬಿದ್ದ ಚೌಕಗಳನ್ನು ಎಣಿಸಿ. ಸ್ವಲ್ಪ ಗಾಳಿ ಬಿಟ್ಟು ಮತ್ತೆ ಮಾಡಿ. ಎಷ್ಟು ಬದಲಾಯಿತು?
2. ಒಂದು ಡಬ್ಬಿಯಲ್ಲಿ ಜಲ್ಲಿ, ಇನ್ನೊಂದರಲ್ಲಿ ಗುಂಡುಕಲ್ಲು ತುಂಬಿ, ತಟ್ಟೆಗೆ ಸುರಿಯಿರಿ. ಯಾವ ಗುಡ್ಡೆ ಎತ್ತರ ನಿಲ್ಲುತ್ತದೆ? ಯಾಕೆ?
3. ನಿಮ್ಮ ಅಜ್ಜಿ ಅಥವಾ ತಾತನಿಗೆ ಫೋನ್ ಮಾಡಿ, ಅವರ ಊರಿನ ಹೊಳೆಯ ಹೆಸರು, ಅಲ್ಲಿನ ಕಲ್ಲಿಗೆ ಅವರು ಏನನ್ನುತ್ತಾರೆ ಅಂತ ಕೇಳಿ ಐದು ವಾಕ್ಯ ಬರೆಯಿರಿ.

ಪೋಷಕರಿಗೆ ಒಂದು ಮಾತು: ಮೂರನೆಯ ಪ್ರಶ್ನೆಗೆ ದಯವಿಟ್ಟು ನೀವೇ ಉತ್ತರ ಬರೆದುಕೊಡಬೇಡಿ. ಫೋನ್ ಹಚ್ಚಿ ಮಗುವಿನ ಕೈಗೆ ಕೊಡಿ, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.