ಬಿಟ್ಟುಕೊಡೋದಾ, ಬಿಟ್ಟು ಓಡೋದಾ?

ಶಿಕಾರಿಪುರ ತಾಲೂಕಿನ ಬಂದಳಿಕೆಯಲ್ಲಿ 10ನೇ ಶತಮಾನದ ಒಂದು ಶಾಸನ ಸಿಕ್ಕಿದೆ. ಗಂಡ ತೀರಿಹೋದ ಮೇಲೆ ಜಕ್ಕಿಯಬ್ಬೆ ಎಂಬ ಜೈನ ಸ್ತ್ರೀ ನಾಗರಖಂಡ 70 ಎಂಬ ನಾಡನ್ನು ಆಳಿದಳು. ಕಾಯಿಲೆ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿದಳು. ಆಕೆಯ ನಂಬಿಕೆ ಬೇರೆ. ಆದರೆ ಒಪ್ಪಿಸಿದ ರೀತಿ ನೋಡಿ.

ಮೋಶೆಯೂ ಯೆಹೋಶುವನ ಮೇಲೆ ಕೈಯಿಟ್ಟು ಜವಾಬ್ದಾರಿ ಒಪ್ಪಿಸಿದನು (ಅರಣ್ಯಕಾಂಡ 27:18-23). ಯೋನನೂ ಬಿಟ್ಟನು, ಆದರೆ ಓಡಿಹೋದನು (ಯೋನ 1:3). ಹೊರಗಿಂದ ಎರಡೂ ಒಂದೇ ಥರ ಕಾಣುತ್ತೆ.

ಒಮ್ಮೆ ನಾನು ಕ್ವಯರ್ ಬಿಟ್ಟೆ. ದೀನತೆ ಅಂದ್ಕೊಂಡೆ; ನಿಜಕ್ಕೂ ಅದು ಮುನಿಸು. ಕೀಬೋರ್ಡ್ ಯಾರಿಗೂ ಕಲಿಸಿರಲಿಲ್ಲ, ಫೋನೂ ಎತ್ತಲಿಲ್ಲ.

ನಿಮ್ಮನ್ನೇ ಕೇಳ್ಕೊಳ್ಳಿ: ನಾನು ಬಿಟ್ಟದ್ದು ಈಗ ಯಾರ ಕೈಯಲ್ಲಿದೆ? ಅವರು ನನಗಿಂತ ಚೆನ್ನಾಗಿ ಮಾಡಿದರೆ ನನಗೆ ಸಂತೋಷನಾ? ಇಲ್ಲ ಅಂದ್ರೆ, ಈ ವಾರವೇ ಹೋಗಿ ಮಾತಾಡಿ. ಆಮೆನ್.