ಬಾಡಿಗೆ ನಿಂತ ತಿಂಗಳೂ ಕಂತು ಕಟ್ಟುವ ಹಾಗಿರಲಿ

ಪ್ರಶ್ನೆ: ನಾನು ಹೊಸಪೇಟೆಯಲ್ಲಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ನಮ್ಮ ಮನೆಯವರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆದಾರರ ಕೈಕೆಳಗೆ ಸೂಪರ್‌ವೈಸರ್. ಕಂಪ್ಲಿಯ ತವರಿನ ಗದ್ದೆ ಮಾರಿದಾಗ ನನ್ನ ಪಾಲಿಗೆ 18 ಲಕ್ಷ ಬಂತು. ಊರಲ್ಲಿ ಇವರ ಹೆಸರಿನಲ್ಲಿ ಒಂದು 30-40 ಸೈಟಿದೆ. ಇನ್ನೂ 25 ಲಕ್ಷ ಸಾಲ ಮಾಡಿ, ಎರಡು ಅಂತಸ್ತು ಎಬ್ಬಿಸಿ, ನಾಲ್ಕು ಮನೆ ಬಾಡಿಗೆಗೆ ಕೊಟ್ಟರೆ ತಲಾ 6,500 ಬರುತ್ತದೆ, ಕಂತು ತಾನಾಗಿಯೇ ಹೋಗುತ್ತದೆ ಎಂಬುದು ಇವರ ಲೆಕ್ಕ. ಮೈದುನ, "ಅದೆಲ್ಲ ಬೇಡ ಅತ್ತಿಗೆ, ಆನೆಗೊಂದಿ ಕಡೆ ಹೊಲದಲ್ಲಿ ಗೆಳೆಯರು ಸೇರಿ ಕಾಟೇಜ್ ಹಾಕ್ತಿದೀವಿ, ದುಡ್ಡು ಅದಕ್ಕೇ ಹಾಕಿ" ಎನ್ನುತ್ತಾನೆ. ನನ್ನ ಸೋದರತ್ತೆಯ ಮನೆ ಹಿಡಿದವರು ಎರಡು ವರ್ಷ ಬಿಟ್ಟುಕೊಡದೆ ಸತಾಯಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಆ ಹೆದರಿಕೆ ಬೇರೆ. ಸಾಲದ್ದಕ್ಕೆ ಇವರು, ಕೊಟ್ಟರೆ ನಮ್ಮ ಜಾತಿಯವರಿಗೇ ಕೊಡಬೇಕು ಎಂದು ಈಗಲೇ ಷರತ್ತು ಹಾಕಿದ್ದಾರೆ. ಏನು ಮಾಡಲಿ?
— ಹೆಸರು ಬೇಡ, ಹೊಸಪೇಟೆ

ಉತ್ತರ: ತಂಗಿ, ಮೊದಲು ನಿಮ್ಮ ಮನೆಯವರ ಲೆಕ್ಕವನ್ನೇ ನೋಡೋಣ. 25 ಲಕ್ಷವನ್ನು ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 21,700 ರೂಪಾಯಿ. ನಾಲ್ಕು ಮನೆಯ ಬಾಡಿಗೆ 26,000. ಹೀಗೆ ನೋಡಿದರೆ ನಾಲ್ಕು ಸಾವಿರ ಉಳಿತಾಯ. ಆದರೆ ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಮನೆ ಖಾಲಿ ಬೀಳುತ್ತದೆ, ಸುಣ್ಣಬಣ್ಣ ಆಗಬೇಕು. ಮನೆಗೆ ವರ್ಷಕ್ಕೊಂದು ತಿಂಗಳು ಅದಕ್ಕೆ ಬಿಡಿ. ನಗರಸಭೆಯ ಕಂದಾಯ, ಸುಟ್ಟ ಮೋಟರು, ಸೋರುವ ಟ್ಯಾಂಕು, ಕಟ್ಟಿಕೊಂಡ ಪೈಪು ಇವಕ್ಕೆಲ್ಲ ಇನ್ನೊಂದು ತಿಂಗಳ ಬಾಡಿಗೆ ತೆಗೆದಿಡಿ. ವರ್ಷಕ್ಕೆ ಕೈಗೆ ಬರುವುದು 2,60,000, ಕಟ್ಟಬೇಕಾದ ಕಂತು 2,60,400. ಎಲ್ಲವೂ ಸರಿಯಾಗಿ ನಡೆದ ವರ್ಷದ ಲೆಕ್ಕ ಇದು. ಒಂದೇ ಒಂದು ಮನೆ ಆರು ತಿಂಗಳು ಖಾಲಿ ಉಳಿದರೆ ನಿಮ್ಮ ಸಂಬಳದಿಂದ ಹೋಗಬೇಕು.

ನನಗೆ ಇದಕ್ಕಿಂತ ಹೆಚ್ಚು ಕಳವಳ ಆಗಿದ್ದು ಬೇರೆ ಸಂಗತಿಗೆ. ನಿಮ್ಮ ಮನೆಯವರ ಸಂಬಳ ತೋರಣಗಲ್ಲಿನದು. ಅವರು ಬಾಡಿಗೆಗೆ ಕರೆತರುವವರು ಯಾರು? ಜೊತೆಯಲ್ಲಿ ದುಡಿಯುವವರೇ. ಗುತ್ತಿಗೆ ಮುಗಿದರೆ ಇವರ ಸಂಬಳವೂ ಬಾಡಿಗೆಯೂ ಒಂದೇ ತಿಂಗಳು ನಿಲ್ಲುತ್ತವೆ, ಕಂತು ಮಾತ್ರ ನಿಲ್ಲುವುದಿಲ್ಲ. ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. ಅದಿರಿಗೆ ಚೀನಾದಿಂದ ಬೇಡಿಕೆ ಬಂದ ಆ ವರ್ಷಗಳಲ್ಲಿ ಸಂಡೂರು, ಹೊಸಪೇಟೆಯಲ್ಲಿ ದುಡ್ಡು ಹೇಗೆ ಓಡಾಡಿತು ಎನ್ನುವುದು ನಿಮಗೂ ನೆನಪಿರಬಹುದು. ಸಾಲ ಮಾಡಿ ಲಾರಿ ಕೊಂಡರು, ಸಾಲ ಮಾಡಿ ಮನೆ ಕಟ್ಟಿದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ತಡೆಯಲು ಆ ಆದೇಶ ಬೇಕೇ ಇತ್ತು. ಆದರೆ ಚಾಲಕರು, ಮೆಕ್ಯಾನಿಕ್‌ಗಳು, ಗಣಿ ಕಚೇರಿಗಳ ನೌಕರರು ಊರು ಬಿಟ್ಟಾಗ ಅವರನ್ನೇ ನಂಬಿ ಕಟ್ಟಿದ ಮನೆಗಳ ಗತಿ ಏನಾಗಿರಬೇಕು, ಯೋಚಿಸಿ.

ಆದ್ದರಿಂದ ನನ್ನ ಮಾತು ಇಷ್ಟು: ಬಾಡಿಗೆ ಒಂದು ಪೈಸೆ ಬರದಿದ್ದರೂ ನಿಮ್ಮೊಬ್ಬರ ಸಂಬಳದಲ್ಲಿ ಕಟ್ಟಬಲ್ಲಷ್ಟೇ ಸಾಲ ಮಾಡಿ. ಮೇಲಂತಸ್ತು ತಾಳುವ ಹಾಗೆ ಅಡಿಪಾಯ, ಕಾಲಂ ಹಾಕಿಸಿ. ನೆಲಮಹಡಿಯ ಎರಡು ಮನೆ ಮಾತ್ರ ಈಗ ಕಟ್ಟಿ. ನಿಮ್ಮ ಹಣಕ್ಕೆ 8 ಲಕ್ಷ ಸಾಲ ಸೇರಿಸಿದರೂ ಕಂತು ಏಳು ಸಾವಿರದ ಒಳಗೇ ಇರುತ್ತದೆ. ಎರಡು ಮನೆಯಲ್ಲಿ ಒಂದು ಖಾಲಿ ಉಳಿದ ತಿಂಗಳಲ್ಲೂ ಇನ್ನೊಂದರ ಬಾಡಿಗೆ ಹೆಚ್ಚುಕಡಿಮೆ ಅದನ್ನು ತೂಗಿಸುತ್ತದೆ. ಮೇಲಿನದು ನಾಲ್ಕೈದು ವರ್ಷ ಬಿಟ್ಟು ಆಗಲಿ. ಮೇಲ್ಮಹಡಿಯ ಬಗ್ಗೆ ಇನ್ನೊಂದು: ಇಲ್ಲಿನ ಏಪ್ರಿಲ್ ಬಿಸಿಲಿಗೆ ಆರ್‌ಸಿಸಿ ಕೆಳಗೆ ರಾತ್ರಿಯೂ ಮಲಗಲಾಗದು, ಮಕ್ಕಳಿರುವವರು ಬೇಸಿಗೆ ರಜೆ ಬಂದದ್ದೇ ಮನೆ ಬದಲಿಸುತ್ತಾರೆ. ಕಟ್ಟುವಾಗಲೇ ಚಾವಣಿಗೆ ಬಿಳಿ ಹೆಂಚು ಹಾಸಿಸಿ, ಅದಾಗದಿದ್ದರೆ ಪ್ರತಿ ಫೆಬ್ರುವರಿಯಲ್ಲಿ ದಪ್ಪಗೆ ಸುಣ್ಣ ಬಳಿಸಿ.

ನೀವು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ. ದುಡ್ಡು ನಿಮ್ಮ ತವರಿನದು, ಸೈಟು ಗಂಡನ ಹೆಸರಿನದು. ಇಟ್ಟಿಗೆ ಇಳಿಸುವ ಮೊದಲು ಅವರಿಂದ ಸೈಟಿನ ಅರ್ಧ ಪಾಲಿಗೆ ದಾನಪತ್ರ ಬರೆಸಿಕೊಂಡು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ನಗರಸಭೆಯ ಇ-ಖಾತೆಯಲ್ಲಿ ಇಬ್ಬರ ಹೆಸರೂ ಕೂಡಿಸಿ. ಗಂಡ ಹೆಂಡತಿಯ ನಡುವಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಮಾರುಕಟ್ಟೆ ಬೆಲೆಯ ಮೇಲೆ ಬೀಳುವುದಿಲ್ಲ, ನಿಗದಿಯಾದ ಸಣ್ಣ ಮೊತ್ತ ಸಾಕು. ಇದು ಅಪನಂಬಿಕೆಯ ಮಾತಲ್ಲ. ಗದ್ದೆಯಲ್ಲಿ ನಿಮಗೆ ಹಕ್ಕಿತ್ತು. ಅದು ಗೋಡೆಯಾದ ಮೇಲೂ ನಿಮ್ಮ ಹಕ್ಕಾಗಿಯೇ ಉಳಿಯಬೇಕು. ನೀವು ಸರ್ಕಾರಿ ನೌಕರರಾದ್ದರಿಂದ ಈ ಆಸ್ತಿ, ಈ ಸಾಲ ಎರಡನ್ನೂ ಇಲಾಖೆಗೆ ತಿಳಿಸಿ, ವಾರ್ಷಿಕ ಆಸ್ತಿ ಪಟ್ಟಿಯಲ್ಲಿ ತೋರಿಸಿ.

ಮೈದುನನ ಕಾಟೇಜಿಗೆ ದಯವಿಟ್ಟು ಹಣ ಹಾಕಬೇಡಿ. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡಿಯಲ್ಲಿ ಆದದ್ದನ್ನು ಅವನಿಗೆ ನೆನಪಿಸಿ. ಅಲ್ಲಿಯವರೂ ಹೊಲ ನಮ್ಮದೇ ಎಂಬ ಧೈರ್ಯದಲ್ಲಿ ಗುಡಿಸಲು, ಹೋಟೆಲು, ರೆಸಾರ್ಟು ಕಟ್ಟಿದರು. ಆ ಜಾಗ 1988ರ ಅಧಿಸೂಚನೆಯಲ್ಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿತ್ತು. ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದರು, 2020ರ ಫೆಬ್ರುವರಿಯಲ್ಲಿ ಅಲ್ಲಿಯೂ ಸೋತರು, ಮಾರ್ಚಿನಲ್ಲಿ ಜೆಸಿಬಿ ಬಂತು. ಸಾಲ ಮಾಡಿ ಕಟ್ಟಿದವರ ಸಾಲ ಜೆಸಿಬಿಗೆ ಸಿಗಲಿಲ್ಲ, ಅದು ಹಾಗೇ ಉಳಿಯಿತು. ಆನೆಗೊಂದಿಯೂ ಸೇರಿ ನದಿಯ ಎರಡೂ ದಡದ 29 ಹಳ್ಳಿಗಳು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿವೆ. ಜೊತೆಗೆ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದಿಂದ 100 ಮೀಟರ್ ಒಳಗೆ ಕಟ್ಟುವಂತಿಲ್ಲ, ಅಲ್ಲಿಂದಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. "ಪಂಚಾಯ್ತಿಯವರು ಕೊಟ್ಟಿದಾರೆ" ಎಂಬ ಮಾತು ಸಾಲದು. ಪ್ರಾಧಿಕಾರದ ಅನುಮತಿ ಪತ್ರ, ಭೂ ಪರಿವರ್ತನೆಯ ಆದೇಶ ಇವೆರಡೂ ಕಾಗದದಲ್ಲಿ ಇವೆಯೇ ಎಂದು ಕೇಳಿ. ಇದ್ದರೂ ಸರ್ಕಾರಿ ನೌಕರಳಾದ ನೀವು ಅನುಮತಿ ಇಲ್ಲದೆ ಅಂಥ ವ್ಯಾಪಾರದಲ್ಲಿ ಪಾಲುದಾರಳಾಗುವಂತಿಲ್ಲ.

ಇನ್ನು ಸೋದರತ್ತೆಯ ಮನೆಯ ಹೆದರಿಕೆ. ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರನದೇ ಆಗುತ್ತದೆ ಎಂದು ಹೇಳುವವರಿದ್ದಾರೆ, ಅದು ಸುಳ್ಳು. ಬಾಡಿಗೆದಾರನಾಗಿ ಒಳಗೆ ಬಂದವನು ಎಷ್ಟು ವರ್ಷ ಇದ್ದರೂ ಬಾಡಿಗೆದಾರನೇ. ಆದರೆ ಅದನ್ನು ತೋರಿಸಲು ಕಾಗದ ಬೇಕು. ಬಾಯಿಮಾತಿನಲ್ಲಿ ಕೊಟ್ಟು, ಕೈಯಲ್ಲಿ ಬಾಡಿಗೆ ಈಸಿಕೊಂಡವರೇ ಕೋರ್ಟಿನಲ್ಲಿ ಹೆಚ್ಚು ಪರದಾಡುವುದು. ಅಗ್ರಿಮೆಂಟು 11 ತಿಂಗಳಿಗೆ ಮಾಡುವ ರೂಢಿ ಇರುವುದು, ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ ಎಂಬ ಕಾರಣಕ್ಕೆ. ಪ್ರತಿಸಲ ಹೊಸದಾಗಿ ಬರೆಸಿ, ಹಳೆಯದನ್ನೇ ಮುಂದುವರಿಸಬೇಡಿ. ಬಾಡಿಗೆ ಬ್ಯಾಂಕ್ ಖಾತೆಗೋ ಫೋನ್‌ಪೇಗೋ ಬರಲಿ. ಆಧಾರ್ ಪ್ರತಿ, ಕೆಲಸದ ಗುರುತಿನ ಚೀಟಿ ಇಟ್ಟುಕೊಳ್ಳಿ, ವಿವರವನ್ನು ಠಾಣೆಗೂ ಕೊಡಿ. 6,500 ರೂಪಾಯಿಯ ಬಾಡಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಮಿತಿಗಿಂತ ಮೇಲಿನದು. ಹಾಗಾಗಿ ತಿಂಗಳ ಬಾಡಿಗೆಯವರನ್ನು ಬಿಡಿಸಲು ಆಸ್ತಿ ವರ್ಗಾವಣೆ ಕಾಯ್ದೆಯಂತೆ 15 ದಿನದ ನೋಟಿಸ್, ಅದಕ್ಕೂ ಬಿಡದಿದ್ದರೆ ಸಿವಿಲ್ ಕೋರ್ಟು. ಕರೆಂಟು ಕೀಳುವುದು, ನೀರು ಬಂದ್ ಮಾಡುವುದು, ಬೀಗ ಜಡಿಯುವುದು ಮಾಡಲೇಬೇಡಿ. ನ್ಯಾಯ ನಿಮ್ಮ ಕಡೆ ಇದ್ದರೂ ಆಮೇಲೆ ಆರೋಪಿಯಾಗಿ ನಿಲ್ಲುವವರು ನೀವು.

ಮನೆ ಕೊಡುವ ದಿನ ಅರ್ಧ ಗಂಟೆ ಇಟ್ಟುಕೊಂಡು ಬಾಡಿಗೆದಾರರ ಜೊತೆ ಒಂದೊಂದೇ ಕೋಣೆ ನೋಡಿ. ಎಷ್ಟು ಫ್ಯಾನು, ಯಾವ ನಲ್ಲಿ ಸೋರುತ್ತದೆ, ಬಚ್ಚಲ ಬಾಗಿಲ ಬುಡ ಎಷ್ಟು ತಿಂದಿದೆ, ಮೀಟರಿನ ಅಂಕಿ ಎಷ್ಟು ಎಂದು ಫೋಟೊ ತೆಗೆದು ಅವರಿಗೂ ಕಳುಹಿಸಿ. ಬಿಡುವ ದಿನ ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯಬೇಕು ಎಂಬ ಜಗಳ ಇದರಿಂದಲೇ ಮುಕ್ಕಾಲು ಪಾಲು ತಪ್ಪುತ್ತದೆ. ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತೀರಿ ಎಂಬುದನ್ನು ಮೊದಲೇ ಬರೆದುಬಿಡಿ. ಪ್ರತಿ ಮನೆಗೂ ಜೆಸ್ಕಾಂನಿಂದ ಬೇರೆ ಬೇರೆ ಆರ್‌ಆರ್ ನಂಬರಿನ ಮೀಟರ್ ಹಾಕಿಸಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಒಂದೇ ಮೀಟರಿನಲ್ಲಿ ಎಲ್ಲರನ್ನೂ ಸೇರಿಸಿದರೆ 200 ಯೂನಿಟ್ ದಾಟಿ ಯಾರಿಗೂ ಸಿಗದೆ ಹೋದೀತು. ಆದಾಯ ತೆರಿಗೆಯಲ್ಲಿ, ನೀವು ಕಟ್ಟಿದ ಮನೆ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30 ಬಿಟ್ಟು ಮಿಕ್ಕದ್ದಕ್ಕೆ ಲೆಕ್ಕ, ಸಾಲದ ಬಡ್ಡಿಯನ್ನೂ ಕಳೆಯಬಹುದು. ಬಾಡಿಗೆ ಮುಚ್ಚಿಡುವ ಕಾರಣವೇ ಇಲ್ಲ.

ಕೊನೆಗೆ, ನಿಮ್ಮ ಮನೆಯವರ ಷರತ್ತು. ಇದರಲ್ಲಿ ನಾನು ನಿಮ್ಮ ಪಕ್ಷ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆಗೆ ಎಲ್ಲೆಲ್ಲಿಂದಲೋ ನೌಕರರು ಬರುತ್ತಿದ್ದಾರೆ. ಅವರಲ್ಲಿ ಎಷ್ಟೋ ಜನ ಕೈಯಲ್ಲಿ ಸಂಬಳದ ಚೀಟಿ ಹಿಡಿದು, "ನೀವು ಯಾವ ಪೈಕಿ?" ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದೇ ತಡ, "ಮನೆ ಆಗಲೇ ಬೇರೆಯವರಿಗೆ ಮಾತಾಗಿದೆ" ಎಂಬ ಮಾತು ಕೇಳಿಸಿಕೊಂಡು ಮೆಟ್ಟಿಲಿಳಿಯುತ್ತಾರೆ. ದಲಿತ ಶಿಕ್ಷಕರಿಗೆ, ಮುಸ್ಲಿಂ ನರ್ಸ್‌ಗಳಿಗೆ ಆ ಅವಮಾನ ಪ್ರತಿ ವರ್ಗಾವಣೆಗೂ ಹೊಸದಾಗಿ ಕಾದಿರುತ್ತದೆ. ನಿಮ್ಮ ಶಾಲೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುವವರೇ ಅವರಿರಬಹುದು, ಕೇಳಿ ನೋಡಿ. ಜಾತಿ ಗೊತ್ತಾದರೆ ಬಾಡಿಗೆ ಹೊತ್ತಿಗೆ ಸರಿಯಾಗಿ ಬರುತ್ತದೆಯೇ ಎಂಬುದು ಗೊತ್ತಾಗುವುದಿಲ್ಲ. ಮೇಲಾಗಿ ನಮ್ಮವರೇ ಎಂಬ ದಾಕ್ಷಿಣ್ಯಕ್ಕೆ ಕಾಗದ ಬರೆಸುವುದು ಬಿಟ್ಟುಹೋಗುತ್ತದೆ, ಬಾಡಿಗೆ ಕೇಳಲು ಬಾಯಿ ಬರುವುದಿಲ್ಲ. ನಿಮ್ಮ ಸೋದರತ್ತೆಯ ಮನೆ ಹಿಡಿದಿದ್ದವರು ಯಾರ ಪೈಕಿ, ಯಾರ ಶಿಫಾರಸಿನಿಂದ ಬಂದಿದ್ದರು ಎಂದು ಮನೆಯವರ ಎದುರಿಗೇ ಒಮ್ಮೆ ವಿಚಾರಿಸಿ.

ಬಾಡಿಗೆಗೆ ಬಂದವರನ್ನು ಕೇಳಬೇಕಾದ್ದು ಬೇರೆ: ಎಲ್ಲಿ ಕೆಲಸ, ಎಷ್ಟು ಜನ, ಹಿಂದಿನ ಮನೆ ಯಾಕೆ ಬಿಟ್ಟಿರಿ, ಆ ಮನೆಯ ಮಾಲೀಕರ ನಂಬರ್ ಕೊಡುತ್ತೀರಾ. ಎರಡು ಮನೆಯಲ್ಲಿ ಒಂದನ್ನು ತೋರಣಗಲ್ಲಿನವರಿಗೆ ಕೊಟ್ಟರೆ ಇನ್ನೊಂದನ್ನು ಆಸ್ಪತ್ರೆಯವರಿಗೋ ಬ್ಯಾಂಕಿನವರಿಗೋ ಕಾಲೇಜಿನವರಿಗೋ ಕೊಡಿ. ವರ್ಗಾವಣೆ ಆಗುವುದು ಹೆಚ್ಚಾಗಿ ಮೇ, ಜೂನ್‌ನಲ್ಲಿ. ಈ ವರ್ಷ ಕೆಲಸ ಶುರು ಮಾಡುವುದಾದರೆ ಮನೆ ಏಪ್ರಿಲ್ ಕೊನೆಯೊಳಗೆ ಮುಗಿಯುವ ಹಾಗೆ ಮೇಸ್ತ್ರಿಯ ಜೊತೆ ಕರಾರು ಮಾಡಿಕೊಳ್ಳಿ.