ಕುದುರೆ ಅಗ್ಗ, ಹುರುಳಿ ಅಲ್ಲ

ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಅದರ ಬ್ರೇಕ್ ಡಿಸ್ಕ್, ಕ್ಲಚ್, ಹೆಡ್‌ಲೈಟುಗಳ ಬೆಲೆ ಇಳಿಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು, ಅದರಲ್ಲೂ ಜೋರು ಎಂಜಿನ್ನಿನ ಸೆಡಾನ್ ಕೊಳ್ಳಹೊರಟವರು ಎಲ್ಲಕ್ಕಿಂತ ಮೊದಲು ಹಾಕಬೇಕಾದ ಲೆಕ್ಕ ಇದು. 24 ಲಕ್ಷದ ಕಾರು ಐದು ವರ್ಷ ಕಳೆದ ಮೇಲೆ 9 ಲಕ್ಷಕ್ಕೆ ಸಿಗಬಹುದು. ಕುದುರೆ ಅಗ್ಗಕ್ಕೆ ಸಿಕ್ಕಿತೆಂದು ಹುರುಳಿ ಅಗ್ಗವಾಗುವುದಿಲ್ಲ. ಈ ಲೆಕ್ಕ ಗೊತ್ತಿದ್ದು ಕೊಂಡವರಿಗೆ ಇಂಥ ಕಾರು ವರ್ಷಗಟ್ಟಲೆ ಖುಷಿ ಕೊಡುತ್ತದೆ. ಗೊತ್ತಿಲ್ಲದೆ ಕೊಂಡವರು ಎರಡನೇ ಸರ್ವಿಸ್ ಬಿಲ್ ನೋಡಿ ಮಾರಲು ಹೊರಡುತ್ತಾರೆ.

2021ರಲ್ಲಿ ನಾನು ಕೊಂಡದ್ದು 2016ರ ಸ್ಕೋಡಾ ಆಕ್ಟೇವಿಯಾ, 1.8 ಟಿಎಸ್‌ಐ ಪೆಟ್ರೋಲ್. 180 ಪಿಎಸ್ ಶಕ್ತಿ, 250 ಎನ್‌ಎಂ ಟಾರ್ಕ್, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ನೋಡಲು ಸೆಡಾನ್, ಆದರೆ ಹಿಂದಿನ ಗಾಜಿನ ಸಮೇತ ಡಿಕ್ಕಿ ಮೇಲಕ್ಕೆ ತೆರೆದುಕೊಳ್ಳುತ್ತದೆ. ಊರಿನಿಂದ ಬರುವಾಗ ತೆಂಗಿನಕಾಯಿ ಮೂಟೆ, ಹಲಸಿನ ಹಣ್ಣು, ನಾಲ್ವರ ಬ್ಯಾಗು ಎಲ್ಲವೂ ಹಿಡಿಯುತ್ತವೆ. ಗುಂಡ್ಯದಿಂದ ಶಿರಾಡಿ ಘಾಟಿ ಏರುವಾಗ ಲಾರಿಯೊಂದನ್ನು ಹಿಂದೆ ಹಾಕಬೇಕೆಂದರೆ ಎಂಜಿನ್ ಕೂಗಾಡುವುದಿಲ್ಲ. ಪೂರ್ತಿ ಟಾರ್ಕ್ 1250 ಆರ್‌ಪಿಎಂನಿಂದಲೇ ಸಿಗುವುದರಿಂದ ಕಾಲು ಸ್ವಲ್ಪ ಒತ್ತಿದರೆ ಸಾಕು, ಕಾರು ಮುಂದಿರುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ವೇಗದ ಮಿತಿ 100, ಮೇಲೆ ಕ್ಯಾಮೆರಾಗಳ ಕಣ್ಣು. ಶಕ್ತಿ ಬೇಕಾಗುವುದು ಅಲ್ಲಲ್ಲ, ಎರಡೇ ಲೇನಿನ ಘಾಟಿ ರಸ್ತೆಗಳಲ್ಲಿ. ಎದುರಿನಿಂದ ಬಸ್ಸು ಬರುವ ಮೊದಲೇ ಓವರ್‌ಟೇಕ್ ಮುಗಿಸಿ ನಮ್ಮ ಬದಿಗೆ ಸೇರಿಕೊಳ್ಳುವುದು ಸುರಕ್ಷತೆಯ ಮಾತೂ ಹೌದು. ಈ ನೆಮ್ಮದಿಗೆ ದುಡ್ಡು ಕೊಡುವುದು ಸರಿಯೆಂದೇ ನನ್ನ ನಂಬಿಕೆ.

ಈ ಕಾರಿಗೆ ಮೊದಲ ಓನರ್ ಬೆಂಗಳೂರಿನಲ್ಲಿ ಆನ್-ರೋಡ್ ಕೊಟ್ಟದ್ದು ಹತ್ತಿರ ಹತ್ತಿರ 24 ಲಕ್ಷ. ಅದರಲ್ಲಿ ಕರ್ನಾಟಕದ ಜೀವಾವಧಿ ತೆರಿಗೆಯ ಪಾಲು ದೊಡ್ಡದು. 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ ಶೇ 17 ತೆರಿಗೆ, ಆ ತೆರಿಗೆಯ ಮೇಲೆ ಶೇ 11 ಸೆಸ್. 19 ಲಕ್ಷದ ಕಾರೆಂದರೆ ಮೂರೂವರೆ ಲಕ್ಷ ದಾಟುತ್ತದೆ. ಅದೇ ರಾಜ್ಯದಲ್ಲಿ ಎರಡನೆಯವರಾಗಿ ಕೊಳ್ಳುವವರು ಆ ತೆರಿಗೆಯನ್ನು ಮತ್ತೆ ಕಟ್ಟಬೇಕಿಲ್ಲ. ಕೆಎ ನೋಂದಣಿಯ ಕಾರನ್ನೇ ಹುಡುಕಿ ಎಂದು ಸ್ನೇಹಿತರಿಗೆ ನಾನು ಹೇಳುವುದು ಇದಕ್ಕೇ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಕಾರುಗಳು ಅಗ್ಗಕ್ಕೆ ಇಲ್ಲಿಗೆ ಬರುತ್ತವೆ. ಎನ್‌ಒಸಿ, ಇಲ್ಲಿಯ ತೆರಿಗೆ, ಮರುನೋಂದಣಿಯ ಓಡಾಟ ಎಲ್ಲ ಕೂಡಿಸಿದರೆ ಎಷ್ಟೋ ಸಲ ಆ ಅಗ್ಗ ಉಳಿಯುವುದಿಲ್ಲ.

ನನ್ನ ಕೈಯಲ್ಲಿದ್ದದ್ದು 12 ಲಕ್ಷ. 12 ಲಕ್ಷದ ಕಾರು ನಾನು ನೋಡಲೇ ಇಲ್ಲ. 9 ಲಕ್ಷದ ಕಾರು ನೋಡಿ, ಉಳಿದ ಮೂರು ಲಕ್ಷವನ್ನು ಬೇರೆ ಖಾತೆಗೆ ಹಾಕಿದೆ. ಅದು ಕಾರಿನ ಖಾತೆ. ತಿಂಗಳಿಗೆ 5,000 ರೂಪಾಯಿ ಅದಕ್ಕೆ ತಾನಾಗಿ ಜಮೆಯಾಗುತ್ತದೆ. ಮನೆಯ ದುಡ್ಡು ಕಾರಿಗೆ ಹೋಗುವುದಿಲ್ಲ, ಕಾರಿನ ದುಡ್ಡು ಮನೆಗೆ ಬರುವುದಿಲ್ಲ. ಮೊದಲ ವರ್ಷವೇ ನಾಲ್ಕು ಟಯರು, ಮುಂದಿನ ಸಸ್ಪೆನ್ಶನ್ನಿನ ಬುಷ್‌ಗಳು, ಬ್ರೇಕ್ ಪ್ಯಾಡ್, ಬ್ಯಾಟರಿ, ಸ್ಪಾರ್ಕ್ ಪ್ಲಗ್, ಆಯಿಲ್ ಎಲ್ಲ ಸೇರಿ ಲಕ್ಷದ ಮೇಲೆ ಹೋಯಿತು. ಅವೆಲ್ಲ ಐದು ವರ್ಷ ಓಡಿದ ಕಾರಿನಲ್ಲಿ ಸವೆದೇ ಸವೆಯುವ ಸಾಮಾನು. ಖಾತೆ ಇದ್ದದ್ದರಿಂದ ಯಾವುದನ್ನೂ ಮುಂದಿನ ತಿಂಗಳಿಗೆ ತಳ್ಳಲಿಲ್ಲ. ಜೋರು ಕಾರಿನಲ್ಲಿ ಸವೆದ ಟಯರು, ಸವೆದ ಬ್ರೇಕು ಇಟ್ಟುಕೊಂಡು ಓಡಾಡುವುದು ಉಳಿತಾಯವಲ್ಲ.

ಪರೀಕ್ಷೆಗೆ ಯಾವಾಗಲೂ ನಮ್ಮ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ. ಮುಂದೊಮ್ಮೆ ಗೆಳೆಯನೊಬ್ಬನಿಗೆ ಕಾರು ನೋಡಲು ಹೋದಾಗಲೂ ಅವರಿದ್ದರು. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಬೇಸ್‌ಮೆಂಟುಗಳೆಲ್ಲ ಮುಳುಗಿ ಕೆಲವು ತಿಂಗಳಾಗಿತ್ತು. ಕಾರು ಫಳಫಳ ಹೊಳೆಯುತ್ತಿತ್ತು, ಒಳಗೆ ಸೆಂಟಿನ ಘಮ. ಅವರು ಬಾನೆಟ್ ತೆರೆಯುವ ಮೊದಲೇ, ‘ಸಾರ್, ಡ್ರೈವರ್ ಸೀಟಿನ ಬೆಲ್ಟ್ ಪೂರ್ತಿ ಎಳೀರಿ’ ಅಂದರು. ಎಳೆದೆ. ಸಾಮಾನ್ಯವಾಗಿ ಹೊರಗೆ ಬಾರದ ಕೊನೆಯ ಗೇಣುದ್ದ ಪಟ್ಟಿಯ ಮೇಲೆ ಒಣಗಿದ ಕೆಸರಿನ ಗೆರೆ ಇತ್ತು. ಬೆರಳಿಂದ ಉಜ್ಜಿದರೆ ಹುಡಿ ಉದುರಿತು. ‘ಸೀಟು ತೊಳೀತಾರೆ, ಕಾರ್ಪೆಟ್ ಬದಲಾಯಿಸ್ತಾರೆ, ಇದನ್ನ ಯಾರೂ ಎಳೆಯೋಲ್ಲ’ ಅಂದರು. ಬ್ರೋಕರ್ ಬೆಲೆ ಇಳಿಸಲು ತಯಾರಾದ, ನಾವು ಹೊರಟೆವು. ಇಂಥ ಕಾರುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲಕ್ಕೂ ಒಂದೊಂದು ಎಲೆಕ್ಟ್ರಾನಿಕ್ ಪೆಟ್ಟಿಗೆ. ನೀರು ಹೊಕ್ಕ ವೈರಿಂಗಿಗೆ ಯಾವ ರಿಯಾಯಿತಿಯೂ ಸಾಲದು.

ಜೋರು ಕಾರಿಗೆಂದೇ ಇನ್ನೆರಡು ಪರೀಕ್ಷೆಗಳಿವೆ. ಮೊದಲನೆಯದು ಕ್ಲಚ್‌ನದು. ಈ ಏಳು ಗೇರಿನ ಡಿಎಸ್‌ಜಿಯ ಎರಡು ಕ್ಲಚ್‌ಗಳು ಆಯಿಲಿನಲ್ಲಿ ಮುಳುಗಿರುವುದಿಲ್ಲ, ಒಣ ಕ್ಲಚ್‌ಗಳು. ಇಂಚಿಂಚೇ ತೆವಳುವ ಟ್ರಾಫಿಕ್ಕಿನಲ್ಲಿ ಅವು ಬಿಸಿಯಾಗಿ ಬೇಗ ಸವೆಯುತ್ತವೆ. ಆದ್ದರಿಂದ ಒಟ್ಟು ಎಷ್ಟು ಕಿಲೋಮೀಟರ್ ಓಡಿದೆ ಎನ್ನುವುದಕ್ಕಿಂತ ಎಲ್ಲಿ ಓಡಿದೆ ಎನ್ನುವುದು ಮುಖ್ಯ. ಹೆದ್ದಾರಿಯಲ್ಲಿ 70,000 ಓಡಿದ ಕಾರು, ಸಿಲ್ಕ್ ಬೋರ್ಡಿನಲ್ಲಿ ನಿಂತು ನಿಂತು 40,000 ಓಡಿದ ಕಾರಿಗಿಂತ ಚೆನ್ನಾಗಿರಬಹುದು. ಎಂಜಿನ್ ಬಿಸಿಯಾದ ಮೇಲೆ ಬೇಸ್‌ಮೆಂಟಿನ ಏರಿನಲ್ಲಿ ನಿಧಾನವಾಗಿ ಹತ್ತಿಸಿ, ಆಮೇಲೆ ರಿವರ್ಸ್‌ನಲ್ಲಿ ಹತ್ತಿಸಿ. ಗಡಗಡ ನಡುಗಿದರೆ ಕ್ಲಚ್ ಖರ್ಚನ್ನು ಕಾರಿನ ಬೆಲೆಯಿಂದ ಕಳೆದು ಮಾತಾಡಿ.

ಎರಡನೆಯದು ಟ್ಯೂನಿಂಗ್. ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಟರ್ಬೊ ಎಂಜಿನ್ನಿನ ಶಕ್ತಿ ಹೆಚ್ಚಿಸುವುದು ಈಗ ಒಂದು ಮಧ್ಯಾಹ್ನದ ಕೆಲಸ. ಈ ಗೇರ್‌ಬಾಕ್ಸ್ ಮಾಡಿರುವುದೇ 250 ಎನ್‌ಎಂ ಟಾರ್ಕಿಗೆ. ಅದಕ್ಕಿಂತ ಹೆಚ್ಚು ಹೊರಿಸಿ ವರ್ಷಗಟ್ಟಲೆ ಓಡಿಸಿ, ಮಾರುವಾಗ ಹಳೆಯ ಪ್ರೋಗ್ರಾಂ ಮತ್ತೆ ಹಾಕಿಟ್ಟರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಹೊರಗಿನ ಏರ್ ಫಿಲ್ಟರ್, ಬದಲಾದ ಸೈಲೆನ್ಸರ್ ಪೈಪು ಕಂಡರೆ ನೇರವಾಗಿ ಕೇಳಿ. ಸ್ಕ್ಯಾನರ್ ಹಾಕಿಸಿ. ದೋಷದ ಕೋಡಿನ ಜೊತೆ ಅದು ಎಷ್ಟು ಕಿಲೋಮೀಟರಿನಲ್ಲಿ ಬಂತೆಂಬುದೂ ದಾಖಲಾಗಿರುತ್ತದೆ. ಮೀಟರ್ 60,000 ತೋರಿಸಿ, ಹಳೆಯ ದೋಷವೊಂದು 90,000ದಲ್ಲಿ ಬಂದಿದ್ದರೆ ಬೇರೆ ಸಾಕ್ಷಿ ಬೇಡ.

ಕಾಗದದ ಕೆಲಸ ಬೇಸರದ್ದು, ಆದರೆ ದುಡ್ಡು ಸೋರುವುದು ಅಲ್ಲೇ. ಹೆಸರು ಬದಲಾವಣೆಗೆ ಫಾರಂ 29, 30. ಸಾಲ ತೀರಿದ್ದರೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಲು ಫಾರಂ 35. ಹಳೆಯ ಓನರಿನ ಟ್ರಾಫಿಕ್ ದಂಡಗಳೆಲ್ಲ ಪೂರ್ತಿ ಹಣ ಕೊಡುವ ಮೊದಲೇ ತೀರಿರಲಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ನಿಮ್ಮ ಕಾರಿಗೆ ಆದ ನಷ್ಟಕ್ಕೆ ಕ್ಲೇಮ್ ಸಿಗುವುದು ಕಷ್ಟ. ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾರಿದವರದು. ಶೇ 50ರ ಬೋನಸ್ ಇದ್ದ ಪಾಲಿಸಿ ನಿಮ್ಮ ಹೆಸರಿಗೆ ಬರುವಾಗ ಆ ವ್ಯತ್ಯಾಸವನ್ನು ನೀವೇ ಕಟ್ಟಬೇಕು. ಎಂಜಿನ್ನಿನ ಗಾತ್ರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 2022ರಲ್ಲಿ ನಿಗದಿಯಾದಂತೆ ಥರ್ಡ್ ಪಾರ್ಟಿ ಪ್ರೀಮಿಯಂ 1000 ಸಿಸಿವರೆಗೆ 2,094 ರೂಪಾಯಿ, 1500ರವರೆಗೆ 3,416, ಅದನ್ನು ಮೀರಿದರೆ 7,897.

ಪೆಟ್ರೋಲಿನ ಲೆಕ್ಕವನ್ನೂ ಬಚ್ಚಿಡಬಾರದು. ಬೆಂಗಳೂರಿನೊಳಗೆ ನನಗೆ ಸಿಗುವುದು ಲೀಟರಿಗೆ 9 ಕಿಲೋಮೀಟರ್, ಹೆದ್ದಾರಿಯಲ್ಲಿ 14. ಲೀಟರಿಗೆ 100 ರೂಪಾಯಿ ದಾಟಿದ ಪೆಟ್ರೋಲಿನಲ್ಲಿ ತಿಂಗಳಿಗೆ 900 ಕಿಲೋಮೀಟರ್ ಊರೊಳಗೇ ಓಡಿಸಿದರೆ 10,000 ರೂಪಾಯಿ ಬೇಕು. 18 ಕೊಡುವ ಸಣ್ಣ ಕಾರಿಗೆ ಅದರಲ್ಲಿ ಅರ್ಧ ಸಾಕು. ಅದಕ್ಕೇ ನಾನು ಆಫೀಸಿಗೆ ಮೆಟ್ರೊದಲ್ಲಿ ಹೋಗುತ್ತೇನೆ. ಪೆಟ್ರೋಲೂ ಉಳಿಯುತ್ತದೆ, ಒಣ ಕ್ಲಚ್ಚೂ ಉಳಿಯುತ್ತದೆ. ಕಾರು ಇರುವುದು ಊರಿಗೆ, ಘಾಟಿಗೆ, ಮನೆಮಂದಿಯ ಜೊತೆಗಿನ ಪ್ರಯಾಣಕ್ಕೆ.

ಇನ್ನು ಸಾಲ. ಹಳೆಯ ಕಾರಿನ ಸಾಲಕ್ಕೆ ಹೊಸದಕ್ಕಿಂತ ಬಡ್ಡಿ ಹೆಚ್ಚು, ತೀರಿಸುವ ಅವಧಿ ಕಡಿಮೆ. ಕಂತು ಕಟ್ಟುತ್ತಲೇ ರಿಪೇರಿಗೂ ಸಾಲ ಮಾಡುವ ಸ್ಥಿತಿ ಬಂದರೆ ಅಗ್ಗದ ಕಾರು ಅತಿ ದುಬಾರಿಯಾಗುತ್ತದೆ. ಸಾಲ ಮಾಡಲೇಬೇಕಿದ್ದರೆ ಕಾರಿಗೆ ಮಾಡಿ, ಕೈಯಲ್ಲಿರುವ ನಗದನ್ನು ರಿಪೇರಿಗೆ ಇಟ್ಟುಕೊಳ್ಳಿ. ಎಲ್ಲ ನಗದನ್ನೂ ಬೆಲೆಗೆ ಸುರಿಯಬೇಡಿ. ಜೊತೆಗೆ, 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿದು ಹೊಸ ಕಾರುಗಳ ಬೆಲೆ ತಗ್ಗಿದೆ. ಹಳೆಯ ಕಾರಿಗೆ ಚೌಕಾಸಿ ಮಾಡುವಾಗ ಮೊದಲ ಓನರ್ ಕೊಟ್ಟ ಬೆಲೆ ಬೇಡ, ಅಂಥದೇ ಹೊಸ ಕಾರಿನ ಇವತ್ತಿನ ಬೆಲೆ ಮುಂದಿಟ್ಟುಕೊಳ್ಳಿ.

ಮೊದಲ ಓನರ್ ಐದು ವರ್ಷಕ್ಕೆ ಕಳೆದುಕೊಂಡದ್ದು 15 ಲಕ್ಷ. ನಾನು ಇವತ್ತು ಮಾರಿದರೆ ಕಳೆದುಕೊಳ್ಳುವುದು ನಾಲ್ಕು ಲಕ್ಷದ ಆಚೀಚೆ. ರಿಪೇರಿ ಕೂಡಿಸಿದರೂ ಅವರ ಅರ್ಧಕ್ಕೆ ಬರುವುದಿಲ್ಲ. ಈ ಲಾಭ ನಿಜವಾದದ್ದು, ಆದರೆ ಅದು ಪುಕ್ಕಟೆ ಬಂದದ್ದಲ್ಲ. ಬೆಲೆಯ ಕಾಲು ಭಾಗಕ್ಕಿಂತ ಹೆಚ್ಚನ್ನು ರಿಪೇರಿಗೆಂದು ಪಕ್ಕಕ್ಕಿಟ್ಟ ಮೇಲೂ ಕಾರು ನಿಮ್ಮ ಕೈಗೆಟುಕುತ್ತದೆಯೇ? ಹಾಗಿದ್ದರೆ ಧೈರ್ಯವಾಗಿ ಕೊಳ್ಳಿ, ಹೊಸ ಕಾರು ಕೊಂಡವರ ಮುಂದೆ ತಲೆ ತಗ್ಗಿಸಬೇಕಿಲ್ಲ. ಎಟುಕದಿದ್ದರೆ ಒಂದು ವರ್ಷ ಕಾಯಿರಿ. ಅಷ್ಟರಲ್ಲಿ ಕಾರಿನ ಬೆಲೆ ಇನ್ನೂ ಇಳಿದಿರುತ್ತದೆ, ನಿಮ್ಮ ಖಾತೆ ತುಂಬಿರುತ್ತದೆ.